ಹದಿನೈದು ನಿಮಿಷದ ಮಾತುಕತೆಯಲ್ಲಿ ದೊಡ್ಡ ವಿಚಾರ: ರೆಕಾರ್ಡ್ ಮಾಡುವವರಿಗೆ ಹಂತಹಂತದ ಮಾರ್ಗದರ್ಶಿ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಮೊಬೈಲ್‌ನಲ್ಲಿ ಮಾತುಕತೆ ರೆಕಾರ್ಡ್ ಮಾಡಿ ಹಂಚುವವರು ಈಗ ಬಹಳ ಮಂದಿ. ಎಡವುವ ಜಾಗ ಮಾತ್ರ ಎಲ್ಲರದೂ ಒಂದೇ. ಪೌರಕಾರ್ಮಿಕ ಹೆಣ್ಣುಮಗಳ ಮುಂದೆ ಮೈಕ್ ಹಿಡಿದು “ಸಮಾನತೆ ಬಗ್ಗೆ ನಿಮ್ಮ ಅಭಿಪ್ರಾಯ ಏನು?” ಅಂತ ಕೇಳುತ್ತಾರೆ. “ಎಲ್ಲಾರೂ ಒಂದ ರೀ, ಭೇದ ಮಾಡಬಾರ್ದು” ಅಂತ ಆಕೆ ಹೇಳುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಆಕೆಯ ಹತ್ತಿರ ಹೇಳಲು ಬೇಕಾದಷ್ಟಿತ್ತು. ಬೆಳಗಿನ ಜಾವ ಕಸಬರಿಗೆ ಹಿಡಿದು ಹೋದ ಓಣಿಯಲ್ಲಿ ನೀರು ಕೇಳಿದರೆ ಯಾರು ತಂಬಿಗೆ ಕೈಗೆ ಕೊಡುತ್ತಾರೆ, ಯಾರು ಮೇಲಿನಿಂದ ಬೊಗಸೆಗೆ ಸುರಿಯುತ್ತಾರೆ ಅನ್ನುವುದು ಆಕೆಗೆ ಮನೆಮನೆ ಲೆಕ್ಕದಲ್ಲಿ ಗೊತ್ತು. ಅದನ್ನು ಯಾರೂ ಕೇಳಲಿಲ್ಲ.

ಮುಂದಿನ ಹಂತಗಳೆಲ್ಲ ಒಂದೇ ನಿಯಮದ ಮೇಲೆ ನಿಂತಿವೆ: ವಿಚಾರದ ಹೆಸರು ನಿಮ್ಮ ನೋಟ್‌ಬುಕ್ಕಿನಲ್ಲಿರಲಿ, ಪ್ರಶ್ನೆಯಲ್ಲಿ ಬರದಿರಲಿ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಹೆಚ್ಚಿನವರು ಮೈಕ್ ಕೊಳ್ಳುವುದರಿಂದ ಶುರು ಮಾಡುತ್ತಾರೆ. ಇಲ್ಲಿ ಅದು ಆರನೆಯ ಹಂತ.

## ಹಂತ 1: ವಿಚಾರವನ್ನು ಕೈಗೆ ಸಿಗುವ ವಸ್ತುವಿಗೆ ಇಳಿಸಿ

ಒಂದು ಹಾಳೆಯ ಎಡಕ್ಕೆ ವಿಚಾರ ಬರೆಯಿರಿ: ಸ್ವದೇಶಿ, ಸಹಕಾರ, ನೀರಿನ ಹಕ್ಕು, ಘನತೆ. ಬಲಕ್ಕೆ ಆ ವಿಚಾರ ನಮ್ಮ ಕಡೆ ಯಾವ ವಸ್ತು, ಯಾವ ಕಾಗದ, ಯಾವ ಜಾಗದಲ್ಲಿ ಕಾಣುತ್ತದೆ ಅಂತ ಬರೆಯಿರಿ. ಬಲಗಡೆ ಖಾಲಿ ಉಳಿದರೆ ಆ ವಿಚಾರಕ್ಕೆ ನೀವು ಇನ್ನೂ ತಯಾರಾಗಿಲ್ಲ.

ಸಹಕಾರವನ್ನು ತೆಗೆದುಕೊಳ್ಳಿ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಸಹಕಾರ ಸಂಘ ಹುಟ್ಟಿತು. ಅಲ್ಲಿಗೆ ಹೋಗಿ “ಸಹಕಾರ ತತ್ವ ಇವತ್ತಿಗೆ ಎಷ್ಟು ಪ್ರಸ್ತುತ?” ಅಂದರೆ ಭಾಷಣ ಸಿಗುತ್ತದೆ. “ಮೊದಲ ಸಲ ಸಾಲ ತಗೊಂಡಾಗ ನಿಮಗ ಜಾಮೀನು ಯಾರು ನಿಂತ್ರು?” ಅಂತ ಕೇಳಿದರೆ ನಂಬಿಕೆ, ಋಣ, ಜಾತಿ, ನೆರೆಹೊರೆ ಎಲ್ಲವೂ ಒಂದೇ ಉತ್ತರದಲ್ಲಿ ಬರುತ್ತವೆ.

ನವಲಗುಂದ, ನರಗುಂದದ ಕಡೆ 1980ರ ರೈತ ಬಂಡಾಯದ ಬಗ್ಗೆ ವಯಸ್ಸಾದವರನ್ನು ಮಾತಾಡಿಸುವುದಾದರೂ ಹಾಗೆಯೇ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರ, ಆ ವರ್ಷದ ಜುಲೈ 21ರ ಗೋಲಿಬಾರ್ ಇವೆಲ್ಲ ನಿಮಗೆ ಗೊತ್ತಿರಲಿ, ಆದರೆ ಅವರನ್ನು ಇತಿಹಾಸ ಪರೀಕ್ಷೆಗೆ ಕೂರಿಸಬೇಡಿ. “ನಿಮ್ಮನಿಗೆ ಕರದ ನೋಟಿಸ್ ಬಂದಾಗ ಅದನ್ನ ಓದಿ ಹೇಳಿದವರು ಯಾರ್ರಿ?” ಅಷ್ಟು ಸಾಕು.

ಪ್ರಶ್ನೆ ಸರಿಯಾಗಿದೆಯೋ ಇಲ್ಲವೋ ಅನ್ನುವುದಕ್ಕೆ ಸುಲಭದ ಪರೀಕ್ಷೆ ಇದೆ: ಉತ್ತರದಲ್ಲಿ ಒಂದು ಜಾಗ, ಒಂದು ಹೊತ್ತು, ಒಬ್ಬ ಮನುಷ್ಯ ಬರಲೇಬೇಕಾದಂಥ ಪ್ರಶ್ನೆಯೇ ಅದು?

## ಹಂತ 2: ಅತಿಥಿಗಳ ಪಟ್ಟಿ

ಧಾರವಾಡದಲ್ಲಿ ಮಾತಾಡುವವರಿಗೆ ಬರವಿಲ್ಲ. 1890ರಿಂದ ವಿದ್ಯಾವರ್ಧಕ ಸಂಘ, 1950ರಿಂದ ಆಕಾಶವಾಣಿ ಇರುವ ಊರು. ಇಲ್ಲಿ ಹತ್ತು ಜನ ಒಳ್ಳೆಯ ವಾಗ್ಮಿಗಳನ್ನು ಒಂದೇ ದಿನದಲ್ಲಿ ಹುಡುಕಬಹುದು. ತೊಂದರೆ ಇರುವುದೇ ಅಲ್ಲಿ. ವೇದಿಕೆ ಮೇಲೆ ಮಾತಾಡಿ ಪಳಗಿದವರು ಎದುರಿಗೆ ಒಬ್ಬರೇ ಕೂತಿದ್ದರೂ ಸಭೆಗೆ ಮಾತಾಡುತ್ತಾರೆ. ಹತ್ತು ಅತಿಥಿಗಳಲ್ಲಿ ಇಂಥವರು ಇಬ್ಬರಿಗಿಂತ ಹೆಚ್ಚಿರಬಾರದು.

ಉಳಿದ ಎಂಟು ಹೆಸರನ್ನು ಕೆಲಸ, ವಯಸ್ಸು, ತಾಲ್ಲೂಕು, ಮನೆಮಾತು ಈ ನಾಲ್ಕರಲ್ಲೂ ಬೇರೆಬೇರೆ ಇರುವಂತೆ ಹರಡಿ. ನವಲಗುಂದದ ಜಮಖಾನೆ ನೇಯುವ ಹೆಣ್ಣುಮಕ್ಕಳು, ಬೆಟಗೇರಿಯ ನೇಕಾರರು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರು, ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಕಾರ್ಮಿಕರು, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಚಾಲಕರು, ಕಲಘಟಗಿ ಕಡೆಯ ಸಿದ್ದಿ ಸಮುದಾಯದವರು, ತಾಂಡಾದ ಲಂಬಾಣಿ ಕುಟುಂಬದವರು, ಖಾನಾವಳಿಯಲ್ಲಿ ರೊಟ್ಟಿ ಬಡಿಯುವವರು. ಹೀಗೆ ಹುಡುಕುತ್ತಾ ಹೋದರೆ ಪಟ್ಟಿ ತಾನೇ ಬೆಳೆಯುತ್ತದೆ.

ವೈವಿಧ್ಯ ಇದ್ದರೆ ಸಾಲದು, ವಿಚಾರ ಹಂಚುವ ರೀತಿಯಲ್ಲೇ ದೊಡ್ಡ ತಪ್ಪಾಗುತ್ತದೆ. ಸಿದ್ದಿ ಯುವಕನಿಗೆ ಬರೀ ಸಿದ್ದಿಯಾಗಿರುವ ಬಗ್ಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಬರೀ ಲಿಂಗತ್ವದ ಬಗ್ಗೆ, ಅಂಗವಿಕಲರಿಗೆ ಬರೀ ಅಂಗವೈಕಲ್ಯದ ಬಗ್ಗೆ ಕೇಳಿದರೆ ಅವರನ್ನು ಒಂದು ಖಾನೆಯೊಳಗೆ ಕೂಡಿಹಾಕಿದ ಹಾಗೆ. ಆ ಯುವಕನಿಗೆ ಗೆಳೆತನದ ಬಗ್ಗೆ ಕೇಳಿ. ಜಾತಿಯ ಬಗ್ಗೆ ಬ್ಯಾಂಕ್ ಮ್ಯಾನೇಜರ್ ಅವರನ್ನು ಕೇಳಿ. ಬಾಡಿಗೆ ಮನೆ ಹುಡುಕಿದಾಗ ಅವರನ್ನು ಯಾರೂ ಏನೂ ಕೇಳಲಿಲ್ಲ ಅನ್ನುವುದೂ ಒಂದು ಉತ್ತರವೇ.

ಊರಿನ ಮುಖಂಡರ ಮೂಲಕ ಅತಿಥಿಯನ್ನು ಹುಡುಕಬೇಕಾಗಿ ಬಂದರೆ ಪರಿಚಯಕ್ಕಷ್ಟೇ ಅವರ ಸಹಾಯ ಪಡೆಯಿರಿ. ರೆಕಾರ್ಡಿಂಗ್ ದಿನ ಅವರು ಪಕ್ಕದಲ್ಲಿ ಕೂತರೆ ಅತಿಥಿ ಪ್ರತಿ ಉತ್ತರಕ್ಕೂ ಮೊದಲು ಅವರ ಮುಖ ನೋಡುತ್ತಾರೆ. ಆ ರೆಕಾರ್ಡಿಂಗ್ ಕೆಲಸಕ್ಕೆ ಬರುವುದಿಲ್ಲ.

## ಹಂತ 3: ಮೊದಲ ಭೇಟಿ, ಮೈಕ್ ಇಲ್ಲದೆ

ಅರ್ಧ ತಾಸಿನಿಂದ ಮುಕ್ಕಾಲು ತಾಸು. ಫೋನ್ ಕಿಸೆಯಲ್ಲಿರಲಿ. ಅವರು ಏನು ಕೆಲಸ ಮಾಡುತ್ತಾರೆ, ಯಾವ ಹೊತ್ತಿಗೆ ಪುರುಸೊತ್ತು, ಯಾವ ಜಾಗದಲ್ಲಿ ಗದ್ದಲ ಕಡಿಮೆ, ಅವರನ್ನು ಏನಂತ ಕರೆದರೆ ಅವರಿಗೆ ಸರಿ ಅನ್ನಿಸುತ್ತದೆ ಅನ್ನುವುದನ್ನು ತಿಳಿದುಕೊಳ್ಳಿ. ಅಕ್ಕಾರ, ಅಜ್ಜಾರ, ಕಾಕಾ, ಚಾಚಾ: ಓಣಿಯವರು ಕರೆಯುವುದನ್ನು ಕೇಳಿಸಿಕೊಂಡು ಹಾಗೇ ಕರೆಯಿರಿ. ರೆಕಾರ್ಡಿಂಗಿನಲ್ಲಿ ತಟ್ಟನೆ “ಮೇಡಂ” ಅಂದರೆ ಅವರೂ ಪುಸ್ತಕದ ಕನ್ನಡಕ್ಕೆ ಬದಲಾಗುತ್ತಾರೆ.

ಕೊಟ್ಟ ಚಹಾ ಬೇಡ ಅನ್ನಬೇಡಿ. “ನೀವು ಯಾವ ಪೈಕಿ?” ಅಂತ ಕೇಳಲೇಬೇಡಿ.

ಒಂದು ಎಚ್ಚರ ಇಲ್ಲಿ ಬಹಳ ಮುಖ್ಯ. ಮೊದಲ ಭೇಟಿಯಲ್ಲೇ ಅತಿಥಿ ತಮ್ಮ ಬದುಕಿನ ಮುಖ್ಯ ಪ್ರಸಂಗ ಹೇಳಲು ಶುರು ಮಾಡಿದರೆ ಮೆಲ್ಲಗೆ ತಡೆಯಿರಿ: “ಅಕ್ಕಾರ, ಇದನ್ನ ಅವತ್ತ ಪೂರ್ತಿ ಹೇಳೂವಂತ್ರಿ, ನಾನೂ ಅವತ್ತ ಕೇಳ್ತೀನಿ.” ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳುವಾಗ ಮನುಷ್ಯರು ಅರ್ಧಕ್ಕರ್ಧ ಬಿಟ್ಟುಬಿಡುತ್ತಾರೆ, “ಅವತ್ತ ಹೇಳಿದ್ನೆಲ್ಲಾ” ಅಂತ ಮುಗಿಸುತ್ತಾರೆ. ಕೇಳುಗರಿಗೆ ಆ ‘ಅವತ್ತು’ ಸಿಕ್ಕಿರುವುದಿಲ್ಲ.

## ಹಂತ 4: ಒಪ್ಪಿಗೆ

ಒಪ್ಪಿಗೆಯನ್ನು ಎರಡು ಸಲ ಪಡೆಯಿರಿ, ರೆಕಾರ್ಡಿಂಗಿಗೆ ಮುಂಚೆ ಒಮ್ಮೆ, ಕತ್ತರಿಸಿದ ಮೇಲೆ ಒಮ್ಮೆ. ಮೊದಲನೆಯದನ್ನು ಮಾತಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಯಾರು ಕೇಳುತ್ತಾರೆ, ಎಲ್ಲಿ ಹಾಕುತ್ತೀರಿ, ಹೆಸರು ಹೇಳಬೇಕೋ ಬೇಡವೋ, ಯಾವ ತಾರೀಖಿನವರೆಗೆ “ಬ್ಯಾಡ” ಅನ್ನಬಹುದು ಇಷ್ಟನ್ನೂ ಅವರ ಮಾತಿನಲ್ಲೇ ಹೇಳಿ. ಒಮ್ಮೆ ಹಂಚಿಹೋದದ್ದನ್ನು ಪೂರ್ತಿ ವಾಪಸ್ ತರಲು ಆಗುವುದಿಲ್ಲ ಅನ್ನುವುದನ್ನೂ ಮುಚ್ಚಿಡದೆ ಹೇಳಿ. ಮೊಬೈಲ್‌ನಿಂದ ಮೊಬೈಲ್‌ಗೆ ಅದು ಹೇಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತಿರುವುದಿಲ್ಲ.

ಅತಿಥಿ ತಮ್ಮ ಮಾಲೀಕರ, ಗಂಡನ, ನೆರೆಯವರ ಹೆಸರೆತ್ತಿ ದೂರು ಹೇಳಿದರೆ ಆ ಹೆಸರನ್ನು ಕತ್ತರಿಸಿ. ಅವರು ಮರುದಿನ ಅದೇ ಓಣಿಯಲ್ಲಿ ಬದುಕಬೇಕು. ಲೈಂಗಿಕ ದೌರ್ಜನ್ಯದ ಪ್ರಸಂಗ ಬಂದರೆ ಇನ್ನೂ ಬಿಗಿ: ಸಂತ್ರಸ್ತರ ಗುರುತು ಬಯಲು ಮಾಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಶಿಕ್ಷಾರ್ಹ ಅನ್ನುತ್ತದೆ, ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆಯೂ ಇದೆ. ಹೆಸರು ತೆಗೆದರಷ್ಟೇ ಸಾಲದು. ಊರು, ಶಾಲೆ, ಸಂಬಂಧಿಕರ ವಿವರ ಕೂಡ ಗುರುತು ಹಿಡಿಸುತ್ತದೆ.

ದಿನಗೂಲಿಯವರಾದರೆ ಅವರು ಕಳೆದುಕೊಳ್ಳುವ ಅರ್ಧ ದಿನದ ಪಗಾರ ಕೊಡುವುದು ನ್ಯಾಯ. ರೆಕಾರ್ಡಿಂಗಿಗೆ ಮುಂಚೆಯೇ ಕೊಡಿ. ಕೊನೆಗೆ ಕೊಟ್ಟರೆ ಉತ್ತರಕ್ಕೆ ಬೆಲೆ ಕಟ್ಟಿದಂತಾಗುತ್ತದೆ.

## ಹಂತ 5: ಪ್ರಶ್ನೆಗಳ ಕ್ರಮ

ಎಲ್ಲ ಶ್ರಮ ಇಲ್ಲೇ ಹಾಕಿ. ಹದಿನೈದು ನಿಮಿಷದ ಮಾತುಕತೆಗೆ ಏಳು ಪ್ರಶ್ನೆ ಹೆಚ್ಚೆಂದರೆ. ಇಪ್ಪತ್ತು ಬರೆದುಕೊಂಡು ಹೋದವರು ಮುಂದಿನ ಪ್ರಶ್ನೆ ಓದುತ್ತಾ ಈಗಿನ ಉತ್ತರ ಕೇಳಿಸಿಕೊಳ್ಳುವುದಿಲ್ಲ.

ಕ್ರಮ ಹೀಗಿರಲಿ: ಕೈ ಮಾಡುವ ಕೆಲಸ, ನಿನ್ನೆಯ ದಿನ, ಮೊದಲ ಸಲ, ಜಗಳ ಅಥವಾ ಇಕ್ಕಟ್ಟು, ಮನಸ್ಸು ಬದಲಾದ ಹೊತ್ತು. ಹಗುರದ್ದು ಮೊದಲು, ಭಾರದ್ದು ಆಮೇಲೆ. ಉದಾಹರಣೆಗೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದ ಖಾದಿ ರಾಷ್ಟ್ರಧ್ವಜ ಹೊಲಿಯುವ ಒಬ್ಬ ಹೆಣ್ಣುಮಗಳು ನಿಮ್ಮ ಅತಿಥಿ, ನೋಟ್‌ಬುಕ್ಕಿನಲ್ಲಿರುವ ವಿಚಾರ ‘ದೇಶ’ ಅಂದುಕೊಳ್ಳೋಣ.

“ದೇಶಪ್ರೇಮ ಅಂದರೆ ಏನು?” ಅಂತ ಕೇಳಿದರೆ ಮಾತುಕತೆ ಅಲ್ಲೇ ಸತ್ತಿತು. ಬದಲಿಗೆ:

1. “ಅಕ್ಕಾರ, ಮೂರು ಬಣ್ಣದಾಗ ಯಾವುದನ್ನ ಮೊದಲ ಹಚ್ಚಿ ಹೊಲೀತೀರಿ?”
2. “ನಿನ್ನೆ ಮುಂಜಾನೆ ಮಶೀನ್ ಮುಂದ ಕುಂತಾಗಿಂದ ಊಟದ ಹೊತ್ತಿನತನಾ ಏನೇನ್ ಆತು, ಹೇಳ್ರಿ.”
3. “ನೀವು ಹೊಲದ ಧ್ವಜ ಎಲ್ಲೆರ ಹಾರೋದನ್ನ ಕಂಡೀರೇನು? ಅವತ್ತ ಎಲ್ಲಿದ್ರಿ?”
4. “ಚಕ್ರ ಅರ್ಧ ಎಳಿ ಆಚೀಚಿ ಆದ್ರ ಏನ್ ಮಾಡ್ತಾರ್ರಿ? ಆ ಪೀಸಿನ ಕೂಲಿ?”
5. “ಪಾಲಿಸ್ಟರ್ ಧ್ವಜಕ್ಕ ಒಪ್ಪಿಗಿ ಬಂದ ಮ್ಯಾಲ ನಿಮ್ಮ ಕೆಲಸದಾಗ ಏನ್ ಫರಕ್ ಆತು?”
6. “ಮನ್ಯಾಗ ಹಳೀ ಧ್ವಜ ಐತೇನ್ರಿ? ಎಲ್ಲಿಟ್ಟೀರಿ?”

ಐದನೆಯ ಪ್ರಶ್ನೆಗೆ ನಿಮ್ಮ ಓದು ಬೇಕು. ಯಂತ್ರದಲ್ಲಿ ತಯಾರಾದ ಮತ್ತು ಪಾಲಿಸ್ಟರ್ ಧ್ವಜಗಳಿಗೂ ಅವಕಾಶ ಕೊಟ್ಟು ಧ್ವಜ ಸಂಹಿತೆ ತಿದ್ದುಪಡಿಯಾದದ್ದು 2021ರ ಡಿಸೆಂಬರ್ 30ರಂದು. ಆ ತಾರೀಖು ನಿಮಗೆ ಗೊತ್ತಿದ್ದರೆ ಅವರು “ಒಂದಿಷ್ಟ್ ವರ್ಷದ ಹಿಂದ” ಅಂದಾಗ ಯಾವುದರ ಮಾತು ಅಂತ ತಿಳಿಯುತ್ತದೆ. ಅದನ್ನು ನೀವೇ ಉದ್ದಕ್ಕೆ ವಿವರಿಸಲು ಹೋಗಬೇಡಿ. ಇಡೀ ಆರು ಪ್ರಶ್ನೆಯಲ್ಲಿ ‘ದೇಶ’ ಅನ್ನುವ ಪದವೇ ಇಲ್ಲ ಅನ್ನುವುದನ್ನು ಗಮನಿಸಿ. ಅವರೇ ಆ ಪದ ತಂದರೆ ಅದರ ತೂಕವೇ ಬೇರೆ.

ನಮ್ಮ ಕಡೆ ಮಾತಿಗೇ ಅಂಟಿದ ಎರಡು ತಪ್ಪುಗಳಿವೆ. ಒಂದು, ಪ್ರಶ್ನೆಯನ್ನು “ಅಲ್ರೀ?” ಅಂತ ಮುಗಿಸುವುದು. “ಆವಾಗ ಬಾಳ ತ್ರಾಸ ಆಗಿರಬೇಕಲ್ರೀ?” ಅಂದರೆ ಮರ್ಯಾದಸ್ಥರು ಯಾರಾದರೂ “ಹೌದ್ರಿ” ಅಂದೇ ಅನ್ನುತ್ತಾರೆ. ನೀವು ಕೇಳಿದ್ದಲ್ಲ, ಒಪ್ಪಿಸಿದ್ದು. ಇನ್ನೊಂದು, “ಯಾಕ್ರಿ?” ಅನ್ನುವುದು. ಅದರಲ್ಲಿ ಜಬಾಬು ಕೇಳಿದ ದನಿ ಇದೆ. ಅತಿಥಿ ಸಮಜಾಯಿಷಿ ಕೊಡಲು ಶುರು ಮಾಡುತ್ತಾರೆ. “ಅದು ಹೆಂಗಾತ್ರಿ?” ಅಂದರೆ ನಡೆದದ್ದು ಬರುತ್ತದೆ, ಕಾರಣವೂ ಅದರೊಳಗೇ ಬರುತ್ತದೆ.

ಉತ್ತರ ನಿಂತ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ. ಮೂರಕ್ಕೆ ಬರುವಷ್ಟರಲ್ಲಿ ನಿಮಗೆ ಚಡಪಡಿಕೆ ಶುರುವಾಗುತ್ತದೆ, ಸುಮ್ಮನಿರಿ. ನಾಲ್ಕು, ಐದರ ಹೊತ್ತಿಗೆ ಅತಿಥಿ ಮತ್ತೆ ಮಾತಾಡುತ್ತಾರೆ, ಆ ಮಾತೇ ಬಹಳ ಸಲ ಇಡೀ ಕಂತಿನ ಜೀವ. ಸುಮ್ಮನಿದ್ದರೂ ಮಾತು ಬಾರದಿದ್ದರೆ “ಆಮ್ಯಾಲ?” ಅನ್ನಿ ಅಥವಾ ಅವರು ಆಡಿದ ಕೊನೆಯ ಪದವನ್ನೇ ತಿರುಗಿ ಹೇಳಿ.

## ಹಂತ 6: ಸಾಮಾನು ಮತ್ತು ಜಾಗ

ಎರಡು ಫೋನ್, ತಂತಿ ಇರುವ ಕಾಲರ್ ಮೈಕ್ ಎರಡು, ಒಂದು ಇಯರ್‌ಫೋನ್, ಒಂದು ಪವರ್ ಬ್ಯಾಂಕ್. ಅತಿಥಿಗೊಂದು, ನಿಮಗೊಂದು ಫೋನ್. ಬೇರೆಬೇರೆ ರೆಕಾರ್ಡ್ ಆಗಲಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎರಡು ಫೈಲನ್ನು ಆಮೇಲೆ ಆ ಸಪ್ಪಳಕ್ಕೆ ಸರಿಯಾಗಿ ಜೋಡಿಸಬಹುದು. ಮೈಕಿನ ಪಿನ್ನಿನ ಮೇಲೆ ಮೂರು ಕಪ್ಪು ಗೆರೆ ಇದ್ದರೆ ಫೋನಿಗೆ ನಡೆಯುತ್ತದೆ, ಎರಡೇ ಇದ್ದರೆ ಅದು ಕ್ಯಾಮೆರಾದ್ದು. ಅದನ್ನು ಸಿಕ್ಕಿಸಿದರೆ ಫೋನ್ ತನ್ನ ಸ್ವಂತ ಮೈಕಿನಲ್ಲೇ ರೆಕಾರ್ಡ್ ಮಾಡುತ್ತಾ ಕೂರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಪರೀಕ್ಷೆ: ರೆಕಾರ್ಡ್ ಒತ್ತಿ ಮೈಕನ್ನು ಉಗುರಿನಿಂದ ಕೆರೆಯಿರಿ, ಫೋನಿನ ಪರದೆಯ ಮೇಲಿನ ದನಿಯ ಗೆರೆ ಜಿಗಿಯಬೇಕು.

ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ. ಸೀರೆಯ ಸೆರಗು, ತಾಳಿ, ಕೊರಳ ಸರ ತಾಗದಂತೆ ನೋಡಿ. ರೇಷ್ಮೆ ಸೆರಗಿನ ಸರಸರ ಸಪ್ಪಳವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯುವುದಿಲ್ಲ. ಮೈಕ್ ಸಿಕ್ಕಿಸುವುದನ್ನು ಅವರಿಗೇ ಬಿಡಿ.

ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್‌ನಲ್ಲಿ ರೆಕಾರ್ಡ್ ಮಾಡಬೇಡಿ, ದನಿ ಹಿಂಡಿಹೋಗುತ್ತದೆ. ರೆಕಾರ್ಡರ್ ಆ್ಯಪ್‌ನಲ್ಲಿ ವೇವ್ ಫೈಲ್, 48 ಕಿಲೋಹರ್ಟ್ಸ್, 16 ಬಿಟ್, ಮೋನೊ (ಒಂದೇ ದನಿಪಥ) ಇಡಿ. 40 ನಿಮಿಷಕ್ಕೆ ಸುಮಾರು 230 ಎಂಬಿ ಆಗುತ್ತದೆ. 1 ಜಿಬಿ ಖಾಲಿ ಇರಲಿ.

ಜಾಗದ ವಿಷಯ. ಹೊಸ ಟೈಲ್ಸ್ ಹಾಕಿದ ಖಾಲಿ ಹಾಲ್ ಎಲ್ಲಕ್ಕಿಂತ ಕೆಟ್ಟದ್ದು, ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಗದಗ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಯ ಒಳಕೋಣೆ ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ಅತಿಥಿಯ ಎದುರಿನ ಗೋಡೆಗೆ ಕಂಬಳಿ ಇಳಿಬಿಡಿ, ನೆಲಕ್ಕೆ ಜಮಖಾನೆ ಹಾಸಿ. ತಗಡಿನ ಮನೆಯಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನೋಡಿಕೊಂಡೇ ಹೋಗಿ. ಫ್ಯಾನ್ ಬಂದ್. ಫ್ರಿಜ್ ಬಂದ್ ಮಾಡಿದರೆ ನಿಮ್ಮ ಗಾಡಿಯ ಕೀಲಿಯನ್ನು ಅದರೊಳಗೆ ಇಡಿ, ಹೊರಡುವಾಗ ಮತ್ತೆ ಚಾಲೂ ಮಾಡುವುದು ಮರೆಯುವುದಿಲ್ಲ. ಬ್ಯಾಡಗಿಯಲ್ಲಿ ಸೀಜನ್ ಇದ್ದಾಗ ಮೆಣಸಿನಕಾಯಿ ರಾಶಿಯ ಪಕ್ಕ ಕೂರಬೇಡಿ. ಘಾಟಿಗೆ ಅಲ್ಲಿಯವರು ಒಗ್ಗಿರುತ್ತಾರೆ, ಕೆಮ್ಮುವವರು ನೀವು.

ಕೆಲಸದ ಸಪ್ಪಳ ಬೇರೆ ಮಾತು. ನವಲಗುಂದದ ಮಗ್ಗದ ಮೇಲೆ ಎಳೆ ಬಡಿದು ಕೂಡಿಸುವ ಪಂಜಾ ಬೀಳುವ ಸಪ್ಪಳ ಮಾತಿನ ಕೆಳಗೆ ಬಂದರೆ ಮಾತು ಹೋಗುತ್ತದೆ. ಅದನ್ನು ಒಂದು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ, ಶುರುವಿನಲ್ಲಿ ಹತ್ತು ಸೆಕೆಂಡ್ ಬಳಸಿ.

## ಹಂತ 7: ರೆಕಾರ್ಡಿಂಗ್ ದಿನ

ಎರಡೂ ಫೋನ್ ಏರೋಪ್ಲೇನ್ ಮೋಡ್. ಮಾತಾಡಿಸುತ್ತಾ ರೆಕಾರ್ಡರ್ ಪರದೆಯಲ್ಲಿ ದನಿಯ ಮಟ್ಟ ನೋಡಿ: ಸಾಮಾನ್ಯ ಮಾತು ಮೈನಸ್ 12 ಡೆಸಿಬೆಲ್ ಹತ್ತಿರ ಆಡಬೇಕು, ನಕ್ಕಾಗಲೂ ಸೊನ್ನೆ ಮುಟ್ಟಬಾರದು. ಒಂದು ನಿಮಿಷ ರೆಕಾರ್ಡ್ ಮಾಡಿ, ನಿಲ್ಲಿಸಿ, ಇಯರ್‌ಫೋನಿನಲ್ಲಿ ಕೇಳಿ. ಆಮೇಲೆ ಯಾರೂ ಮಾತಾಡದೆ 30 ಸೆಕೆಂಡ್ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿ. ಕತ್ತರಿಸಿದ ಜಾಗ ಮುಚ್ಚಲು ಅದು ಬೇಕು.

ಒಟ್ಟು ರೆಕಾರ್ಡಿಂಗ್ 35ರಿಂದ 40 ನಿಮಿಷ. ಮೊದಲ ಐದು ನಿಮಿಷ ಹೆಚ್ಚುಕಡಿಮೆ ದಂಡ, ಅದು ಸಂಕೋಚ ಕರಗುವ ಹೊತ್ತು. ಅತಿಥಿ ಮಾತಾಡುವಾಗ “ಹೂಂ, ಹೂಂ” ಅನ್ನಬೇಡಿ, ತಲೆಯಾಡಿಸಿ. ಮನೆಮಾತು ಲಂಬಾಣಿಯೋ ಉರ್ದುವೋ ಮರಾಠಿಯೋ ಆಗಿದ್ದು ಮನಸ್ಸು ತುಂಬಿ ಬಂದಾಗ ಆ ಮಾತಿಗೆ ಹೊರಳಿದರೆ ತಡೆಯಬೇಡಿ. ಮುಗಿದ ಮೇಲೆ “ಈಗ ಹೇಳಿದ್ದನ್ನ ಕನ್ನಡದಾಗ ಒಂದೀಟು ಹೇಳ್ರಿ” ಅನ್ನಿ, ಎರಡನ್ನೂ ಉಳಿಸಿಕೊಳ್ಳಿ.

### ದಾರಿ ತಪ್ಪುತ್ತಿದೆ ಅನ್ನುವ ಸೂಚನೆಗಳು

“ನಾನು” ಹೋಗಿ “ನಾವು”, “ಜನ”, “ಸಮಾಜ” ಬಂದರೆ ಅತಿಥಿ ಭಾಷಣಕ್ಕೆ ಇಳಿದಿದ್ದಾರೆ. “ನಿಮ್ಮ ಓಣ್ಯಾಗ ಹೆಂಗೈತ್ರಿ?” ಅಂತ ಕೇಳಿ ನೆಲಕ್ಕೆ ತನ್ನಿ.

ಉತ್ತರಗಳು ಎರಡೆರಡು ಪದಕ್ಕೆ ಇಳಿದರೆ ಪ್ರಶ್ನೆ ತಪ್ಪಿದೆ ಅಥವಾ ಬಾಗಿಲಲ್ಲಿ ಯಾರೋ ನಿಂತಿದ್ದಾರೆ. ಮೊದಲು ಬಾಗಿಲು ನೋಡಿ.

ದನಿ ನಡುಗಿದರೆ, ಕಣ್ಣು ತುಂಬಿದರೆ ಮೈಕನ್ನು ಹತ್ತಿರ ತರಬೇಡಿ. ನೀರು ಕೊಡಿ, “ನಿಲ್ಲಸೂಣೇನ್ರಿ?” ಅಂತ ಕೇಳಿ, ಅವರು ಹೇಳಿದ ಹಾಗೆ ಮಾಡಿ. ಅಳು ಸಿಕ್ಕರೆ ಕಂತು ಗೆದ್ದಿತು ಅನ್ನುವ ಲೆಕ್ಕಾಚಾರ ಕ್ರೂರವಾದದ್ದು.

ನಿಮ್ಮ ದನಿಯೇ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಆ ಅತಿಥಿಯನ್ನು ಮತ್ತೊಮ್ಮೆ ಭೇಟಿಯಾಗಬೇಕು.

## ಹಂತ 8: ಕತ್ತರಿ

ಅದೇ ದಿನ ಎರಡು ಕಡೆ ಕಾಪಿ ಮಾಡಿಡಿ. ಮರುದಿನ ಪೂರ್ತಿ ಕೇಳಿ, ಕೈಯಲ್ಲಿ ಬರೆದುಕೊಳ್ಳಿ: ನಿಮಿಷ, ವಿಷಯ, ಉಳಿಯಬೇಕೋ ಬೇಡವೋ. ಕಂಪ್ಯೂಟರ್ ಇದ್ದರೆ ದನಿ ಕತ್ತರಿಸಲು ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಸಾಕು, ಅದು ಉಚಿತ.

ಮೊದಲು ನಿಮ್ಮ ಮಾತು ಕತ್ತರಿಸಿ. ಆಮೇಲೆ ಪುನರಾವರ್ತನೆ. ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇನ್ನೊಂದು ಪ್ರಶ್ನೆಯ ಕೆಳಗೆ ಅಂಟಿಸಬೇಡಿ. ತಾಂತ್ರಿಕವಾಗಿ ಅದು ಸುಲಭ, ಆದರೆ ಅದು ಸುಳ್ಳು. ವಾಕ್ಯದ ನಡುವಿನ ತಡವರಿಕೆ, ನಿಟ್ಟುಸಿರು ಉಳಿಯಲಿ. ಅತಿಥಿಯ ಕನ್ನಡವನ್ನು ‘ಶುದ್ಧ’ ಮಾಡುವ ಉಸಾಬರಿ ಬೇಡ.

ಪೀಠಿಕೆ 20ರಿಂದ 30 ಸೆಕೆಂಡ್: ಯಾರು, ಎಲ್ಲಿ ಕೂತು ಮಾತಾಡುತ್ತಿದ್ದಾರೆ, ಅಷ್ಟೇ. “ಅಪರೂಪದ ಸಾಧಕಿ” ಅಂತ ಹೊಗಳಿದರೆ ಕೇಳುಗರು ಸನ್ಮಾನ ಸಮಾರಂಭ ಅಂದುಕೊಂಡು ಮುಂದೆ ಹೋಗುತ್ತಾರೆ. ಕಂತಿನ ಹೆಸರಲ್ಲೂ ವಿಚಾರದ ಹೆಸರು ಬೇಡ, ಅತಿಥಿಯ ಒಂದು ಮಾತನ್ನೇ ಇಡಿ.

ದನಿಯ ಮಟ್ಟ (ಕಿವಿಗೆ ಕೇಳುವ ಒಟ್ಟು ಜೋರಿನ ಅಳತೆ) ಮೋನೊಗೆ ಮೈನಸ್ 19 ಎಲ್‌ಯುಎಫ್‌ಎಸ್. ಕೊನೆಯ ಫೈಲ್ ಎಂಪಿ3, 64 ಕೆಬಿಪಿಎಸ್ ಮೋನೊ. ಹದಿನೈದು ನಿಮಿಷಕ್ಕೆ 7 ಎಂಬಿ ಚಿಲ್ಲರೆ, ಹಳ್ಳಿಯ ನೆಟ್‌ವರ್ಕಿನಲ್ಲೂ ಇಳಿಯುತ್ತದೆ.

## ಹಂತ 9: ಮೊದಲು ಅತಿಥಿಗೆ ಕೇಳಿಸಿ

ಲಿಂಕ್ ಕಳಿಸಿ “ನೋಡ್ರಿ” ಅಂದರೆ ಆಗಲಿಲ್ಲ. ಎದುರಿಗೆ ಕೂತು ಪೂರ್ತಿ ಕೇಳಿಸಿ, ಅವರ ಮುಖ ನೋಡಿ. ಯಾವ ಮಾತಿಗೆ ತಲೆ ತಗ್ಗಿಸಿದರು, ಅದನ್ನು ತೆಗೆಯಬೇಕೇ ಅಂತ ನೀವೇ ಕೇಳಿ. ಸಂಕೋಚಕ್ಕೆ ಅವರು ತಾವಾಗಿ ಹೇಳಲಿಕ್ಕಿಲ್ಲ. ತೆಗೆಯಿರಿ ಅಂದರೆ ವಾದ ಮಾಡಬೇಡಿ, ಆ ಮಾತು ಎಷ್ಟೇ ಚೆನ್ನಾಗಿರಲಿ.

ಮನೆಯವರಿಗೂ ಕೇಳಿಸಬೇಕೋ ಬೇಡವೋ ಅನ್ನುವುದು ಅತಿಥಿಯ ತೀರ್ಮಾನ. ಎರಡನೆಯ ಒಪ್ಪಿಗೆ ಸಿಕ್ಕ ಮೇಲೆ ಅವರ ಪ್ರತಿ ಅವರಿಗೆ ಕೊಡಿ. ಬಹಳ ಮಂದಿಯ ಹತ್ತಿರ ಈಗಲೂ ಕೀಪ್ಯಾಡ್ ಫೋನೇ ಇರುತ್ತದೆ. ಎಂಪಿ3 ಫೈಲನ್ನು ಮೆಮೊರಿ ಕಾರ್ಡಿಗೆ ಹಾಕಿ, ಅವರ ಫೋನಿನಲ್ಲೇ ಒಮ್ಮೆ ಹಚ್ಚಿ, ಯಾವ ಗುಂಡಿ ಒತ್ತಬೇಕು ಅಂತ ತೋರಿಸಿ ಬನ್ನಿ.